ನಮ್ಮ ಲೋಕಸಭಾ ಕ್ಷೇತ್ರದ ಗಡಿ: ಉಬ್ರಾಣಿ ಹೋಬಳಿಯ ಬೆಳೆಗಾರರಿಗೊಂದು ಅಧ್ಯಯನ ಪಾಠ



ತೋಟದ ಗಡಿಯ ವಿಷಯದಲ್ಲಿ ನಮ್ಮಷ್ಟು ಎಚ್ಚರವಾಗಿರುವ ಜನ ಬೇರೆ ಇರಲಾರರು. ಬಾಂದುಕಲ್ಲು ಒಂದು ಮೊಳ ಆಚೆಗೆ ಜರುಗಿದ ಅನುಮಾನ ಬಂದರೂ ಸರ್ವೆಯವರನ್ನು ಕರೆಸುತ್ತೇವೆ, ಹಳೆಯ ಪಹಣಿ ಹುಡುಕುತ್ತೇವೆ. ಬದುವಿನ ಮೇಲಿನ ಒಂದು ತೆಂಗಿನ ಮರಕ್ಕಾಗಿ ಎರಡು ತಲೆಮಾರು ಮಾತು ಬಿಟ್ಟ ಮನೆಗಳೂ ನಮ್ಮಲ್ಲಿ ಇಲ್ಲದಿಲ್ಲ. ಆದರೆ ಅದೇ ತೋಟದ ಮೇಲೆ ಇನ್ನೊಂದು ಗಡಿಯೂ ಹಾದುಹೋಗಿದೆ. ಅದಕ್ಕೆ ಕಲ್ಲಿಲ್ಲ, ಬೇಲಿಯಿಲ್ಲ. ಅದು ಚುನಾವಣಾ ಕ್ಷೇತ್ರದ ಗಡಿ. ಅದನ್ನು ಯಾರು ಎಳೆದರು, ಯಾವಾಗ ಎಳೆದರು, ಮುಂದೆ ಯಾವಾಗ ಅಳಿಸಿ ಬರೆಯುತ್ತಾರೆ ಎಂಬುದನ್ನು ನಮ್ಮಲ್ಲಿ ಬಹುಮಂದಿ ಕೇಳಿಕೊಂಡೇ ಇಲ್ಲ.

ಈ ಪಾಠ ಬರೆಯಲು ಕಾರಣವಾದದ್ದು ಉಬ್ರಾಣಿ ಕಡೆಯ ಹಿರಿಯ ಸದಸ್ಯರೊಬ್ಬರ ಪ್ರಶ್ನೆ. 2024ರ ಲೋಕಸಭಾ ಚುನಾವಣೆಯ ದಿನಗಳಲ್ಲಿ ಸಂಘದ ಜಗುಲಿಯ ಮೇಲೆ ಕುಳಿತು ಅವರು ಕೇಳಿದರು: "ಅಲ್ಲಪ್ಪಾ, ಮಗಳನ್ನು ತರೀಕೆರೆ ಕಡೆ ಕೊಟ್ಟಿದ್ದೀನಿ. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ವಾಪಸ್ ಬರಬಹುದು. ಅವರಿಗೆ ಓಟು ಏಪ್ರಿಲ್ 26ಕ್ಕೇ ಮುಗೀತು, ನಮಗೆ ಮೇ 7ಕ್ಕೆ ಅಂತಾರೆ. ಅವರ ಮೆಂಬರ್ರು ಬೇರೆ, ನಮ್ಮ ಮೆಂಬರ್ರು ಬೇರೆ. ಅಡಿಕೆ ಒಂದೇ, ಕೊಳೆರೋಗ ಒಂದೇ, ಓಟು ಯಾಕೆ ಬೇರೆ?" ಯಜಮಾನರಿಗೆ ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಮನೆಗೆ ಬಂದು ವಿಷಯವನ್ನು ಸರಿಯಾಗಿ ಓದಿಕೊಂಡೆ. ಓದಿ ತಿಳಿದದ್ದನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ. ಯಾವ ಪಕ್ಷ ಒಳ್ಳೆಯದು ಎಂಬ ಮಾತು ಸಂಘದ ಪತ್ರಿಕೆಗೆ ಸಲ್ಲದು. ಆ ಗೋಜಿಗೆ ಹೋಗಿಲ್ಲ.

ನಾವಿರುವ ಜಾಗ

ಉಬ್ರಾಣಿ ಹೋಬಳಿ ಚನ್ನಗಿರಿ ತಾಲ್ಲೂಕಿನ ತೆಂಕಣ ಭಾಗ. ತಾಲ್ಲೂಕಿನ ಸುತ್ತ ಒಮ್ಮೆ ನೋಡಿ. ಪಡುವಲಿಗೆ ಭದ್ರಾವತಿ, ಅದು ಶಿವಮೊಗ್ಗ ಲೋಕಸಭಾ ಕ್ಷೇತ್ರ. ತೆಂಕಲಿಗೆ ತರೀಕೆರೆ, ಅದು ಉಡುಪಿ–ಚಿಕ್ಕಮಗಳೂರು ಕ್ಷೇತ್ರ. ಮೂಡಲಿಗೆ ಹೊಳಲ್ಕೆರೆ, ಅದು ಚಿತ್ರದುರ್ಗ ಕ್ಷೇತ್ರ. ನಾವು ದಾವಣಗೆರೆ ಕ್ಷೇತ್ರ. ಹೀಗೆ ನಾಲ್ಕು ಲೋಕಸಭಾ ಕ್ಷೇತ್ರಗಳು ಕೂಡುವ ಮೂಲೆಯ ಹತ್ತಿರ ನಮ್ಮ ತೋಟಗಳಿವೆ. ಯಜಮಾನರ ಮಗಳು ಓಟು ಹಾಕುವ ಕ್ಷೇತ್ರ ಘಟ್ಟ ಇಳಿದು ಉಡುಪಿಯ ಸಮುದ್ರದವರೆಗೆ ಹೋಗುತ್ತದೆ. ಯಜಮಾನರು ಓಟು ಹಾಕುವ ಕ್ಷೇತ್ರ ಜಗಳೂರು, ಹರಪನಹಳ್ಳಿಯ ಜೋಳ ಮೆಕ್ಕೆಜೋಳದ ಬಯಲಿನವರೆಗೆ ಹೋಗುತ್ತದೆ.

ಅಡಿಕೆ ತೋಟದಲ್ಲಿ ನೈಋತ್ಯದ ಅಂಚಿನ ಸಾಲಿಗೆ ಮಧ್ಯಾಹ್ನದ ಬಿಸಿಲು ಹೆಚ್ಚು ಬಡಿಯುತ್ತದೆ, ನಡುತೋಟದ ಮರಕ್ಕೆ ಅದರ ಅರಿವೂ ಇರುವುದಿಲ್ಲ. ಕ್ಷೇತ್ರದ ಗಡಿಯಲ್ಲೂ ಹಾಗೆಯೇ. ಲೆಕ್ಕ ಸರಿಪಡಿಸಲು ಗಡಿ ಜರುಗಿಸುವಾಗ ಜರುಗುವುದು ಅಂಚಿನ ಹಳ್ಳಿಗಳೇ ಹೊರತು ನಡುವಣ ಪಟ್ಟಣಗಳಲ್ಲ.

ಗಡಿ ಎಳೆಯುವ ಕ್ರಮ

ಇದರಲ್ಲಿ ಎರಡು ಹಂತಗಳಿವೆ. ಇವೆರಡನ್ನು ಬೆರೆಸಿಕೊಳ್ಳುವುದರಿಂದಲೇ ಗೊಂದಲ ಹುಟ್ಟುವುದು.

ಮೊದಲನೆಯದು ವಿಧಾನಸಭಾ ಕ್ಷೇತ್ರ. ರಾಜ್ಯದ ಜನಸಂಖ್ಯೆಯನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರದ ಸರಾಸರಿ ಸಿಗುತ್ತದೆ. 2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 5,28,50,562. ಅಂದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ ಸುಮಾರು 2,36,000. ಈ ಅಳತೆಗೆ ಹತ್ತಿರ ಬರುವಂತೆ ಜಿಲ್ಲೆಯೊಳಗಿನ ತಾಲ್ಲೂಕು, ಹೋಬಳಿ, ಕಂದಾಯ ವೃತ್ತಗಳನ್ನು ಕೂಡಿಸಿ ಕಳೆದು ಗಡಿ ಗೊತ್ತುಮಾಡುತ್ತಾರೆ. ತಾಲ್ಲೂಕು ದೊಡ್ಡದಾದರೆ ಅದರ ಒಂದು ತುಂಡು ಪಕ್ಕದ ಕ್ಷೇತ್ರಕ್ಕೆ ಹೋಗುತ್ತದೆ. ಉದಾಹರಣೆ ನಮ್ಮ ಮನೆಬಾಗಿಲಲ್ಲೇ ಇದೆ. ಬಸವಾಪಟ್ಟಣ ಚನ್ನಗಿರಿ ತಾಲ್ಲೂಕಿನದು. ಅಲ್ಲಿನವರು ಕಂದಾಯ ಕಟ್ಟುವುದು, ಪಹಣಿ ತೆಗೆಸುವುದು ಚನ್ನಗಿರಿಯ ಲೆಕ್ಕದಲ್ಲಿ. ಆದರೆ ವಿಧಾನಸಭೆಗೆ ಅವರ ಓಟು ಮಾಯಕೊಂಡ ಕ್ಷೇತ್ರಕ್ಕೆ. ತಾಲ್ಲೂಕು ಕಚೇರಿಯ ಕೆಲಸಕ್ಕೆ ಯಾವ ಶಾಸಕರನ್ನು ಕಾಣಬೇಕೆಂದು ಆ ಕಡೆಯ ರೈತರು ಗೊಂದಲಪಡುವುದಕ್ಕೆ ಇದೇ ಕಾರಣ.

ಎರಡನೆಯದು ಲೋಕಸಭಾ ಕ್ಷೇತ್ರ. ಇಲ್ಲಿ ಹೋಬಳಿಯ ಲೆಕ್ಕ ಬರುವುದಿಲ್ಲ. ಒಂದು ವಿಧಾನಸಭಾ ಕ್ಷೇತ್ರವನ್ನು ಎರಡು ಲೋಕಸಭಾ ಕ್ಷೇತ್ರಗಳಿಗೆ ಹರಿದು ಹಂಚುವಂತಿಲ್ಲ, ಇಡಿಯಾಗಿ ಒಂದಕ್ಕೇ ಸೇರಿಸಬೇಕು. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28 ಸ್ಥಾನ. 224ನ್ನು 28ರಿಂದ ಭಾಗಿಸಿದರೆ ಎಂಟು. ಆದಕಾರಣ ಎಂಟೆಂಟು ವಿಧಾನಸಭಾ ಕ್ಷೇತ್ರಗಳ ಒಂದೊಂದು ಕಟ್ಟು. ಎಂಟರ ಕಟ್ಟು ಕಟ್ಟುವಾಗ ಜಿಲ್ಲೆಯ ಗಡಿ ದಾಟಲು ಅಡ್ಡಿಯಿಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ ಏಳೇ ಕ್ಷೇತ್ರಗಳು ಉಳಿದಾಗ ಎಂಟನೆಯದಾಗಿ ಘಟ್ಟದ ಕೆಳಗಿನ ಬೈಂದೂರನ್ನು ತಂದು ಕೂಡಿಸಿದರು. ಶಿವಮೊಗ್ಗದ ಸಂಸದರು ಮೀನುಗಾರರ ಅಹವಾಲನ್ನೂ ಕೇಳಬೇಕಾದದ್ದು ಹೀಗೆ.

ಈಗ ನಮ್ಮ ಕಟ್ಟನ್ನು ನೋಡೋಣ. ಜಗಳೂರು, ಹರಪನಹಳ್ಳಿ, ಹರಿಹರ, ದಾವಣಗೆರೆ ಉತ್ತರ, ದಾವಣಗೆರೆ ದಕ್ಷಿಣ, ಮಾಯಕೊಂಡ, ಚನ್ನಗಿರಿ, ಹೊನ್ನಾಳಿ. ಇವುಗಳಲ್ಲಿ ಜಗಳೂರು ಪರಿಶಿಷ್ಟ ಪಂಗಡಕ್ಕೂ ಮಾಯಕೊಂಡ ಪರಿಶಿಷ್ಟ ಜಾತಿಗೂ ಮೀಸಲು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗಿದೆ, ಆದರೆ ವಿಧಾನಸಭೆಯ ಲೆಕ್ಕದಲ್ಲಿ ಅದು ಇನ್ನೂ ಹೊನ್ನಾಳಿ ಕ್ಷೇತ್ರವೇ. ಹೊಸ ತಾಲ್ಲೂಕಾದ ಮಾತ್ರಕ್ಕೆ ಹೊಸ ಕ್ಷೇತ್ರವಾಗುವುದಿಲ್ಲ. ಮತದಾರರ ಪಟ್ಟಿಯಲ್ಲಿ ನಮ್ಮ ಚನ್ನಗಿರಿಗೆ 109ನೇ ಸಂಖ್ಯೆ, ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೆ 13ನೇ ಸಂಖ್ಯೆ.

ಜಿಲ್ಲೆಗಿಂತ ಹಳೆಯ ಕ್ಷೇತ್ರ

ದಾವಣಗೆರೆ ಜಿಲ್ಲೆಯಾದ ಮೇಲೆ ದಾವಣಗೆರೆ ಕ್ಷೇತ್ರವಾಯಿತು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ನಡೆದದ್ದು ತಿರುಗುಮುರುಗು. ಕ್ಷೇತ್ರ ಹುಟ್ಟಿದ್ದು 1977ರ ಚುನಾವಣೆಗೆ. ಜಿಲ್ಲೆ ಹುಟ್ಟಿದ್ದು ಇಪ್ಪತ್ತು ವರ್ಷ ತಡವಾಗಿ, 1997ರ ಆಗಸ್ಟ್ 15ರಂದು.

ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋದದ್ದು ಶಿವಮೊಗ್ಗ ಕ್ಷೇತ್ರದಿಂದ, ಸಂಯುಕ್ತ ಸೋಷಲಿಸ್ಟ್ ಪಕ್ಷದ ಸದಸ್ಯರಾಗಿ. ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತನಾಡಿದವರು ಅವರು. ಮುಂದೆ ಅದೇ ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆಯಾಯಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ ಬಂದು ಕೂಡಿದವು. ಮೂರು ಮನೆಗಳಿಂದ ಬಂದ ಸೊಸೆಯಂದಿರ ಸಂಸಾರ. ಮಂಡಿಯ ವ್ಯವಹಾರಕ್ಕೆ ನಮ್ಮ ಜನ ಈಗಲೂ ಶಿವಮೊಗ್ಗದ ಕಡೆ ಮುಖ ಮಾಡುವುದನ್ನು ನೋಡಿದರೆ ಹಳೆಯ ನಂಟು ಸುಲಭವಾಗಿ ಬಿಡುವಂಥದ್ದಲ್ಲ ಎನಿಸುತ್ತದೆ.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಮರುವಿಂಗಡಣಾ ಆಯೋಗ 2001ರ ಜನಗಣತಿಯನ್ನು ಹಿಡಿದು ಗಡಿಗಳನ್ನು ಮತ್ತೆ ಎಳೆಯಿತು. 2008ರ ಮೇ ತಿಂಗಳ ವಿಧಾನಸಭಾ ಚುನಾವಣೆ ಈ ಹೊಸ ಗಡಿಗಳ ಮೇಲೆ ನಡೆಯಿತು. ಆಗ ಒಂದು ಅಪರೂಪದ ಹೊಂದಿಕೆ ಕಂಡುಬಂತು. 2001ರಲ್ಲಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 17,90,952. ರಾಜ್ಯದ ಒಂದು ಲೋಕಸಭಾ ಕ್ಷೇತ್ರದ ಸರಾಸರಿ 18,87,520. ಜಿಲ್ಲೆಗೆ ಸರಿಯಾಗಿ ಎಂಟು ವಿಧಾನಸಭಾ ಕ್ಷೇತ್ರಗಳು ಬಂದವು. ಹೀಗಾಗಿ ಜಿಲ್ಲೆಯ ಗಡಿಯೂ ಲೋಕಸಭಾ ಕ್ಷೇತ್ರದ ಗಡಿಯೂ ಒಂದೇ ಆಯಿತು. ಒಬ್ಬರೇ ಜಿಲ್ಲಾಧಿಕಾರಿ, ಒಬ್ಬರೇ ಸಂಸದರು. ಅಹವಾಲು ಹೇಳುವವನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ?

ಈ ಹೊಂದಿಕೆ ಹತ್ತು ವರ್ಷ ಉಳಿಯಿತು. 2018ರಲ್ಲಿ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಮರಳಿತು, 2021ರಲ್ಲಿ ಹೊಸದಾದ ವಿಜಯನಗರ ಜಿಲ್ಲೆಗೆ ಸೇರಿತು. ಆದರೆ ಕ್ಷೇತ್ರದ ಗಡಿ ಜಿಲ್ಲೆಯ ಗಡಿಯೊಡನೆ ಜರುಗುವುದಿಲ್ಲ. ಹರಪನಹಳ್ಳಿಯವರು 2019ರಲ್ಲೂ 2024ರಲ್ಲೂ ದಾವಣಗೆರೆ ಕ್ಷೇತ್ರದಲ್ಲೇ ಓಟು ಮಾಡಿದರು. ಈಗ ನಮ್ಮ ಜಿಲ್ಲೆಯೊಳಗೆ ಉಳಿದಿರುವುದು ಏಳು ವಿಧಾನಸಭಾ ಕ್ಷೇತ್ರಗಳು. ಈ ಏಳು ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಇದರ ಮಾತು ಬರುತ್ತದೆ.

ಫಲಿತಾಂಶಗಳು ಹೇಳುವುದೇನು

1977ರಲ್ಲಿ ಕಾಂಗ್ರೆಸ್ಸಿನ ಕೊಂಡಜ್ಜಿ ಬಸಪ್ಪ, 1980ರಲ್ಲಿ ಅದೇ ಪಕ್ಷದ ಟಿ.ವಿ. ಚಂದ್ರಶೇಖರಪ್ಪ, 1984, 1989, 1991ರಲ್ಲಿ ಮೂರು ಬಾರಿ ಚನ್ನಯ್ಯ ಒಡೆಯರ್ ಗೆದ್ದರು. 1996ರಲ್ಲಿ ಭಾರತೀಯ ಜನತಾ ಪಕ್ಷದ ಜಿ. ಮಲ್ಲಿಕಾರ್ಜುನಪ್ಪ, 1998ರಲ್ಲಿ ಕಾಂಗ್ರೆಸ್ಸಿನ ಶಾಮನೂರು ಶಿವಶಂಕರಪ್ಪ, 1999ರಲ್ಲಿ ಮತ್ತೆ ಮಲ್ಲಿಕಾರ್ಜುನಪ್ಪ. 2004ರಿಂದ ನಾಲ್ಕು ಬಾರಿ ಅವರ ಮಗ ಜಿ.ಎಂ. ಸಿದ್ದೇಶ್ವರ. 2024ರಲ್ಲಿ ಕಾಂಗ್ರೆಸ್ಸಿನ ಡಾ. ಪ್ರಭಾ ಮಲ್ಲಿಕಾರ್ಜುನ್ ಗೆದ್ದು ಕ್ಷೇತ್ರದ ಮೊದಲ ಮಹಿಳಾ ಸದಸ್ಯರಾದರು. ಸೋತವರು ಸಿದ್ದೇಶ್ವರರ ಪತ್ನಿ ಗಾಯಿತ್ರಿ. ಗೆದ್ದವರು ಶಿವಶಂಕರಪ್ಪನವರ ಸೊಸೆ. ಎರಡು ಮನೆತನಗಳ ನಡುವೆ ಕ್ಷೇತ್ರ ಓಡಾಡಿದೆ ಎಂದು ಜನ ಆಡಿಕೊಳ್ಳುವುದಕ್ಕೆ ಆಧಾರವಿದೆ.

ಹೆಸರುಗಳಿಗಿಂತ ಅಂತರಗಳನ್ನು ಗಮನಿಸುವುದು ನಮಗೆ ಹೆಚ್ಚು ಉಪಯುಕ್ತ. 1991ರಲ್ಲಿ ಚನ್ನಯ್ಯ ಒಡೆಯರ್ ಅವರು ಎಸ್.ಎ. ರವೀಂದ್ರನಾಥ್ ಅವರನ್ನು ಸೋಲಿಸಿದ್ದು ಕೇವಲ 455 ಮತಗಳಿಂದ. 2009ರಲ್ಲಿ ಸಿದ್ದೇಶ್ವರ ಪಡೆದದ್ದು 4,23,447, ಎಸ್.ಎಸ್. ಮಲ್ಲಿಕಾರ್ಜುನ್ ಪಡೆದದ್ದು 4,21,423. ಅಂತರ 2,024. 2014ರಲ್ಲಿ ಅದೇ ಇಬ್ಬರ ನಡುವೆ 17,607. 2019ರಲ್ಲಿ ಮಾತ್ರ 1,69,702ರ ದೊಡ್ಡ ಅಂತರ. 2024ರಲ್ಲಿ 6,33,059ಕ್ಕೆ 6,06,965, ಅಂದರೆ 26,094. ಆ ಬಾರಿ ಮೂರನೆಯವರಾಗಿ ನಿಂತ ಪಕ್ಷೇತರರೊಬ್ಬರು ನಲವತ್ತು ಸಾವಿರಕ್ಕೂ ಮೇಲೆ ಮತ ಪಡೆದರು.

ಈಗ ನಮ್ಮ ಲೆಕ್ಕ. 455ನ್ನು ಎಂಟಕ್ಕೆ ಹಂಚಿದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ 57 ಓಟು. ಒಂದು ಕೊನೆಗಾರರ ಗುಂಪು, ಸುಲಿಯುವ ಹೆಂಗಸರು, ಅವರ ಮನೆಯವರು ಸೇರಿದರೆ ಆಗುವಷ್ಟು ಜನ. 2009ರ 2,024 ಎಂದರೆ ಎರಡು ಮೂರು ಮತಗಟ್ಟೆಗಳ ಮತದಾರರು. ಒಂದು ಹೋಬಳಿಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಮತಗಳಿವೆ. "ನಮ್ಮ ಒಂದು ಹೋಬಳಿಯಿಂದ ಏನಾಗುತ್ತದೆ" ಎನ್ನುವವರು ಈ ಎರಡು ವರ್ಷಗಳ ಅಂಕಿಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಎಂಟರ ಕಟ್ಟಿನಲ್ಲಿ ಒಂದು ಕ್ಷೇತ್ರದ ಬದಲು ಇನ್ನೊಂದು ಇದ್ದಿದ್ದರೆ ಆ ಎರಡು ಫಲಿತಾಂಶಗಳು ಹೇಗಾಗುತ್ತಿದ್ದವೋ ಯಾರು ಬಲ್ಲರು?

ಇನ್ನೊಂದು ಸಂಗತಿ. 2013ರ ವಿಧಾನಸಭಾ ಚುನಾವಣೆಯಲ್ಲಿ ಈ ಎಂಟರಲ್ಲಿ ಏಳು ಕಾಂಗ್ರೆಸ್ಸಿಗೆ, ಹರಿಹರ ಜನತಾದಳಕ್ಕೆ ಹೋಗಿತ್ತು. ಭಾರತೀಯ ಜನತಾ ಪಕ್ಷಕ್ಕೆ ಒಂದೂ ಇರಲಿಲ್ಲ. ಒಂದೇ ವರ್ಷದ ನಂತರ, 2014ರಲ್ಲಿ, ಲೋಕಸಭೆಗೆ ಆ ಪಕ್ಷವೇ ಗೆದ್ದಿತು. ಮತದಾರರು ಅವರೇ, ಊರುಗಳು ಅವೇ. ರಾಜ್ಯದ ಓಟು ಬೇರೆ, ದೇಶದ ಓಟು ಬೇರೆ ಎಂದು ನಮ್ಮ ಜನ ಲೆಕ್ಕ ಹಾಕಿಯೇ ಮಾಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ಚನ್ನಗಿರಿ ಕ್ಷೇತ್ರವಂತೂ 2008ರಿಂದ 2023ರವರೆಗೆ ಪ್ರತಿ ಚುನಾವಣೆಯಲ್ಲೂ ಶಾಸಕರನ್ನು ಬದಲಿಸಿದೆ.

ಯಾವ ಬಾಗಿಲು ತಟ್ಟಬೇಕು

ಅಡಿಕೆ ಬೆಳೆಗಾರನಿಗೆ ಸಂಸದರಿಂದ ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ಉಬ್ರಾಣಿ ಏತ ನೀರಾವರಿಯಿಂದ ಕೆರೆಗೆ ನೀರು ಬರಲಿಲ್ಲವೆಂದರೆ, ಭದ್ರಾ ನಾಲೆಯಲ್ಲಿ ನೀರು ಬಿಡುವ ದಿನದ ಬಗ್ಗೆ ತಕರಾರಿದ್ದರೆ, ಅದು ರಾಜ್ಯ ಸರ್ಕಾರದ ಕೆಲಸ, ಶಾಸಕರ ಬಾಗಿಲು. ಆದರೆ ಹೊರದೇಶದ ಅಡಿಕೆ ಎಷ್ಟು ಬೆಲೆಗೆ ಒಳಗೆ ಬರಬಹುದು ಎಂಬುದು ದೆಹಲಿಯಲ್ಲಿ ನಿರ್ಧಾರವಾಗುತ್ತದೆ. ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು 2023ರ ಫೆಬ್ರವರಿಯಲ್ಲಿ ಕೇಂದ್ರ ವಾಣಿಜ್ಯ ಇಲಾಖೆಯ ಆದೇಶ. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಆ ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಿಸಲು 2022ರಲ್ಲಿ ಅನುಮತಿ ಕೊಟ್ಟದ್ದೂ ಅಲ್ಲಿಂದಲೇ. ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಕೇಂದ್ರದ್ದು. ಕಾಫಿ ಮಂಡಳಿ ಕೇಂದ್ರದ್ದು. 1990ರ ದಶಕದಲ್ಲಿ ಕಾಫಿಯ ಪೂಲಿಂಗ್ ಪದ್ಧತಿ ಹೋಗಿ ಮುಕ್ತ ಮಾರಾಟ ಬಂದದ್ದೂ ಕೇಂದ್ರದ ತೀರ್ಮಾನದಿಂದ.

ಕಾಫಿ ಬೆಳೆಗಾರರ ಸ್ಥಿತಿ ಈ ವಿಷಯದಲ್ಲಿ ನಮಗಿಂತ ಚದುರಿದ್ದು. ಚಿಕ್ಕಮಗಳೂರು ಒಂದು ಕಾಲಕ್ಕೆ ತನ್ನದೇ ಹೆಸರಿನ ಕ್ಷೇತ್ರವಾಗಿತ್ತು. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರು ಉಪಚುನಾವಣೆಯಲ್ಲಿ ಗೆದ್ದದ್ದು ಅಲ್ಲಿಂದಲೇ. 2008ರಲ್ಲಿ ಅದು ಉಡುಪಿಯೊಡನೆ ಸೇರಿತು, ಕಡೂರು ಹಾಸನ ಕ್ಷೇತ್ರಕ್ಕೆ ಹೋಯಿತು. ಕೊಡಗು ಮಂಗಳೂರು ಕ್ಷೇತ್ರ ಬಿಟ್ಟು ಮೈಸೂರು ಕ್ಷೇತ್ರಕ್ಕೆ ಬಂತು, ಅದರೊಡನೆ ಸೋಮವಾರಪೇಟೆ ವಿಧಾನಸಭಾ ಕ್ಷೇತ್ರವನ್ನೂ ಕಳೆದುಕೊಂಡು ಮೂರರ ಬದಲು ಎರಡಕ್ಕೆ ಇಳಿಯಿತು. ರಾಜ್ಯದ ಮುಖ್ಯ ಕಾಫಿ ಜಿಲ್ಲೆಗಳು ಇಂದು ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ. ಒಂದೊಂದರಲ್ಲೂ ಬೆಳೆಗಾರರು ಅಲ್ಪಸಂಖ್ಯಾತರು. ತೋಟದ ಸೀಮೆಯಲ್ಲಿ ಜನಸಾಂದ್ರತೆ ಕಡಿಮೆ, ಪಟ್ಟಣದಲ್ಲಿ ಹೆಚ್ಚು. ಜನಸಂಖ್ಯೆಯೇ ಅಳತೆಗೋಲಾದರೆ ಮಲೆನಾಡಿಗೆ ಸ್ಥಾನ ಕುಗ್ಗುವುದು ಸಹಜವಾಗಿ ಆಗಿಬಿಡುತ್ತದೆ.

ಮುಂದಿನ ಗಡಿ

ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನ ಎಂಬ ಲೆಕ್ಕ 1971ರ ಜನಗಣತಿಯದು. 1976ರ 42ನೇ ತಿದ್ದುಪಡಿ ಅದನ್ನು ಹಾಗೆಯೇ ನಿಲ್ಲಿಸಿತು. 2001ರ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಹೊಸ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. ಗಡಿಯ ಪ್ರಶ್ನೆ ಮತ್ತೆ ಏಳುವುದು ಈ ಜನಗಣತಿಯ ಬೆನ್ನಿಗೆ. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ದಕ್ಷಿಣದ ರಾಜ್ಯಗಳಿಗೆ ನಷ್ಟವಾಗಬಾರದೆಂಬ ದೊಡ್ಡ ವಾದ ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇ. ಅದನ್ನು ದೊಡ್ಡವರು ವಾದಿಸುತ್ತಾರೆ. ನಮ್ಮ ಹೋಬಳಿಯ ಪರವಾಗಿ ವಾದಿಸುವವರು ನಾವಲ್ಲದೆ ಬೇರೆ ಇಲ್ಲ.

ಈಗ ಆ ಏಳರ ಮಾತಿಗೆ ಬರೋಣ. ಎಂಟರ ಲೆಕ್ಕವೇ ಉಳಿದರೆ ಒಂದೋ ಹರಪನಹಳ್ಳಿಯನ್ನು ಈಗಿನಂತೆ ಉಳಿಸಿಕೊಳ್ಳಬೇಕು, ಇಲ್ಲವೇ ಬೇರೆ ಜಿಲ್ಲೆಯಿಂದ ಒಂದನ್ನು ತರಬೇಕು, ಅದೂ ಆಗದಿದ್ದರೆ ನಮ್ಮ ಏಳನ್ನೇ ಒಡೆದು ನೆರೆಯ ಕಟ್ಟುಗಳಿಗೆ ಕೊಡಬೇಕು. ಒಡೆದರೆ ಶಿವಮೊಗ್ಗದ ಅಂಚಿನಲ್ಲಿರುವ ಚನ್ನಗಿರಿ, ಹೊನ್ನಾಳಿಗಳೇ ಮೊದಲು ಕಣ್ಣಿಗೆ ಬೀಳುವುದು. ಅದು ಒಳ್ಳೆಯದೋ ಕೆಟ್ಟದ್ದೋ? ಅಡಿಕೆಯ ದೃಷ್ಟಿಯಿಂದ ನೋಡಿದರೆ ಬೆಳೆಗಾರರೇ ಹೆಚ್ಚಿರುವ ಕ್ಷೇತ್ರದಲ್ಲಿ ನಮ್ಮ ದನಿಗೆ ಬಲ ಬರುತ್ತದೆ. ಜಿಲ್ಲಾ ಕಚೇರಿ, ಆಸ್ಪತ್ರೆ, ನಾಲೆ ನೀರಿನ ದೃಷ್ಟಿಯಿಂದ ನೋಡಿದರೆ ಜಿಲ್ಲೆಯ ಜೊತೆಗಿರುವುದೇ ಅನುಕೂಲ. ನಾನು ಎರಡನೆಯದರ ಕಡೆಗೆ ವಾಲುತ್ತೇನೆ. ಆದರೆ ಯಜಮಾನರಂತೆ ತರೀಕೆರೆ, ಭದ್ರಾವತಿಗಳಲ್ಲಿ ನೆಂಟಸ್ತಿಕೆ, ಮಂಡಿ ವ್ಯವಹಾರ ಇರುವವರಿಗೆ ಬೇರೆ ಅನಿಸಬಹುದು. ಸದಸ್ಯರು ಕೂಡಿ ಚರ್ಚಿಸಬೇಕಾದ ಪ್ರಶ್ನೆ ಇದೇ.

ಚರ್ಚೆಗೆ ಫಲ ಸಿಗುವ ಕಾಲ ಮಾತ್ರ ಬಹಳ ಚಿಕ್ಕದು. 2002ರ ಕಾಯಿದೆಯ ಕ್ರಮ ಹೀಗಿತ್ತು: ಆಯೋಗ ಮೊದಲು ಕರಡು ಪ್ರಸ್ತಾಪವನ್ನು ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ, ಆಕ್ಷೇಪಣೆಗೆ ದಿನಾಂಕ ಗೊತ್ತುಮಾಡುತ್ತದೆ, ಸಾರ್ವಜನಿಕ ಸಭೆ ನಡೆಸಿ ಜನರ ಮಾತು ಕೇಳುತ್ತದೆ. ರಾಜ್ಯದ ಐವರು ಸಂಸದರು, ಐವರು ಶಾಸಕರು ಸಹಸದಸ್ಯರಾಗಿ ಕೂರುತ್ತಾರೆ, ಆದರೆ ಅವರಿಗೆ ಮತ ಹಾಕುವ ಹಕ್ಕಿಲ್ಲ. ಅಂತಿಮ ಆದೇಶ ಪ್ರಕಟವಾದರೆ ಅದಕ್ಕೆ ಕಾನೂನಿನ ಬಲ, ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲವೆಂದು ಕಾಯಿದೆಯೇ ಹೇಳುತ್ತದೆ. ಮುಂದಿನ ಸಲದ ಕಾಯಿದೆಯನ್ನು ಅದು ಬಂದಾಗ ಓದಿ ನೋಡಬೇಕು. ಆಕ್ಷೇಪಣೆಯಲ್ಲಿ "ನಮಗೆ ಇಷ್ಟವಿಲ್ಲ" ಎಂದು ಬರೆದರೆ ಪ್ರಯೋಜನವಿಲ್ಲ. ಭೂಮಿಯ ಸ್ವರೂಪ, ಈಗಿರುವ ಆಡಳಿತ ಘಟಕದ ಗಡಿ, ಸಂಪರ್ಕದ ಸೌಕರ್ಯ, ಜನರ ಅನುಕೂಲ, ಈ ನಾಲ್ಕನ್ನೇ ಆಯೋಗ ನೋಡಬೇಕೆಂದು ಕಾಯಿದೆ ಹೇಳಿತ್ತು. ಬಸ್ಸಿನ ದಾರಿ, ಮಳೆಗಾಲದಲ್ಲಿ ದಾಟುವ ಹಳ್ಳ, ಕಾಡಿನ ಅಂಚು, ಸಂತೆಯ ಊರು, ಇವನ್ನು ಕಿಲೋಮೀಟರಿನಲ್ಲಿ ಬರೆದು ಕೊಟ್ಟ ಅರ್ಜಿಗೆ ತೂಕವಿರುತ್ತದೆ.

ಮುಂದಿನ ಅಧ್ಯಯನ ಕೂಟಕ್ಕೆ ಬರುವಾಗ ಪ್ರತಿಯೊಬ್ಬ ಸದಸ್ಯರೂ ತಮ್ಮ ಮತದಾರರ ಚೀಟಿಯನ್ನೂ ಪಹಣಿಯ ಒಂದು ಪ್ರತಿಯನ್ನೂ ತರಬೇಕು. ಚೀಟಿಯಲ್ಲಿ ವಿಧಾನಸಭಾ ಕ್ಷೇತ್ರದ ಸಂಖ್ಯೆ, ಭಾಗದ ಸಂಖ್ಯೆ ಇರುತ್ತವೆ, ಪಹಣಿಯಲ್ಲಿ ಹೋಬಳಿ, ಗ್ರಾಮ ಇರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಬಳಿಯ ನಕ್ಷೆಯ ಮೇಲೆ ಊರೂರನ್ನೂ ಗುರುತು ಹಾಕೋಣ. ನಕ್ಷೆಯನ್ನು ಸಂಘದಿಂದ ತರಿಸಲಾಗುವುದು. ಬಸವಾಪಟ್ಟಣ ಕಡೆಯ ಸದಸ್ಯರು ತಪ್ಪದೆ ಬರಬೇಕು. ಒಂದು ತಾಲ್ಲೂಕಿನಲ್ಲಿದ್ದು ಇನ್ನೊಂದು ಕ್ಷೇತ್ರಕ್ಕೆ ಓಟು ಮಾಡುವ ಅನುಭವ ಅವರಿಗಿದೆ, ಅದನ್ನು ಅವರ ಬಾಯಿಂದಲೇ ಕೇಳಬೇಕು. ಪ್ರಶ್ನೆ ಕೇಳಿದ ಯಜಮಾನರೂ ಬರಲು ಒಪ್ಪಿದ್ದಾರೆ. ತರೀಕೆರೆಯ ಅಳಿಯನನ್ನೂ ಕರೆತರುವುದಾಗಿ ಹೇಳಿದ್ದಾರೆ.